ಮೊದಲ ತಾಸು

ಆ ಪೋಸ್ಟರ್ ನನ್ನದೇ.
ವಸತಿ ನಿಲಯದ ಮೆಟ್ಟಿಲ ತಿರುವಿನಲ್ಲಿ, ನೀರಿನ ಫಿಲ್ಟರಿನ ಮೇಲೆ,
ಕೆಂಪು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದದ್ದು:
ಓಟಿಪಿ ಯಾರಿಗೂ ಹೇಳಬೇಡಿ.
ಕೆಳಗೆ ನಾಲ್ಕು ಅಂಕಿ, ಒಂದು ಒಂಬತ್ತು ಮೂರು ಸೊನ್ನೆ.
ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ, ಒಂದು ಸ್ಟೀಲಿನ ಡಬ್ಬಿ.
ಡಬ್ಬಿಯಲ್ಲಿ ಈಗಲೂ ಶೇಂಗಾ ಚಟ್ನಿ ಇದೆ.

ಫೋನು ಬಂದದ್ದು ಮಂಗಳವಾರ, ಮೂರು ಹತ್ತಕ್ಕೆ.
ಕಳ್ಳ ಹಿಂದಿಯಲ್ಲಿ ಬರುತ್ತಾನೆ ಎಂದು ನಮಗೆ ಹೇಳಿಕೊಟ್ಟಿದ್ದರು,
ಪೊಲೀಸು ಟೋಪಿ ಹಾಕಿ, ಗದರಿಸುತ್ತ.
ಇವನು "ಊಟ ಆತೇನವಾ ತಂಗಿ" ಅಂದ.
ನಮ್ಮ ಸೀಮೆಯ ಮಾತು, ನಮ್ಮದೇ ಎಳೆತ.
"ಸ್ಕಾಲರ್‌ಶಿಪ್ಪಿನ ರೊಕ್ಕ ತಿರುಗಿ ಹೊಂಟೈತಿ ನೋಡು,
ಇವತ್ತ ಕಡೀ ದಿನ."
ನನ್ನ ಹೆಸರು ಗೊತ್ತು, ನೋಂದಣಿ ಸಂಖ್ಯೆ ಗೊತ್ತು,
ಅಪ್ಪನ ಹೆಸರಿನ ಹಿಂದೆ ದಿವಂಗತ ಎಂದಿರುವುದೂ ಗೊತ್ತು.

ಅವ್ವ ತಿಕೋಟಾದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಾಳೆ.
ಕಣ್ಣು ಬಾಗಿಲ ಕಡೆ, ಮಾತು ಪಕ್ಕದವಳ ಜೊತೆ,
ಕಡ್ಡಿ ಸಿಕ್ಕರೆ ಬೆರಳೇ ಎತ್ತಿ ಒಗೆಯುತ್ತದೆ.
ನನ್ನ ಕಿವಿಗೆ ಅಂಥ ಬೆರಳಿರಲಿಲ್ಲ.

ಮೂರು ಇಪ್ಪತ್ತೆರಡಕ್ಕೆ ಹದಿನೆಂಟು ಸಾವಿರದ ನಾಲ್ಕುನೂರು
ಒಂದು ಟಿಣ್ ಸದ್ದಿನಲ್ಲಿ ಹೋಯಿತು.

ಆಮೇಲೆ ಅರ್ಧ ತಾಸು ನಾನು ಏನೂ ಮಾಡಲಿಲ್ಲ.
ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ.
ಮೆಟ್ಟಿಲ ಮೇಲೆ ಕೂತು ನನ್ನದೇ ಅಕ್ಷರ ಓದುತ್ತಿದ್ದೆ.
ಕಿತ್ತು ಹಾಕೋಣವೆಂದು ಒಂದು ಮೂಲೆಯ ಟೇಪು ಬಿಡಿಸಿದ್ದೂ ಆಯಿತು.
ಹೊರಗೆ ತೊರವಿಯ ಬಿಸಿಲು, ಟ್ಯಾಂಕರಿನಿಂದ ನೀರು ಇಳಿಯುವ ಸದ್ದು,
ಯಾರೋ ತಲೆ ತೊಳೆದುಕೊಂಡು ನಗುತ್ತ ಮೇಲೆ ಹೋದರು.

ಕಸಬರಿಗೆ ಹಿಡಿದು ರುಕ್ಮವ್ವ ಬಂದಳು.
"ಕಾಲ ಎತ್ತು" ಅಂದವಳು, ಮುಖ ನೋಡಿ ನಿಂತಳು.
ಹೇಳಿದೆ. ಅವಳಿಗೆ ಹೇಳುವುದು ಸುಲಭವಿತ್ತು,
ಅವಳಿಗೆ ಆ ಪೋಸ್ಟರ್ ಓದಲು ಬರುವುದಿಲ್ಲ.
ಅಂಕಿ ಮಾತ್ರ ಬರುತ್ತವೆ, ಬಸ್ಸಿನ ಸಲುವಾಗಿ ಕಲಿತದ್ದು.
ಕಸಬರಿಗೆಯ ತುದಿಯಿಂದ ಗೋಡೆ ತೋರಿಸಿ ಕೇಳಿದಳು:
"ಹಂಗಾರ ಆ ನಾಕ ಅಂಕಿ ಯಾರ ಸಲುವಾಗಿ ಬರದೀ?"

ಮೂರು ಐವತ್ತೆರಡು. ಆ ಕಡೆ ಒಬ್ಬ ಹುಡುಗಿಯ ದನಿ.
ಯಾಕೆ ಕೊಟ್ಟೆ ಎಂದು ಅವಳು ಕೇಳಲಿಲ್ಲ.
ಎಷ್ಟು ಹೊತ್ತಾಯಿತು ಅಂದಳು.
ಯಾವ ಬ್ಯಾಂಕು, ಎಷ್ಟು ರೊಕ್ಕ, ಮೆಸೇಜಿನಲ್ಲಿರುವ ಉದ್ದನೆಯ ಸಂಖ್ಯೆ,
ಒಂದೊಂದೇ ಅಂಕಿ ಹೇಳು, ಅಳಬೇಡ, ಅಳುವಾಗ ಆರೂ ಏಳೂ ಒಂದೇ ಕೇಳಿಸುತ್ತವೆ.
ಮೆಸೇಜು ಅಳಿಸಬೇಡ. ಅವನ ನಂಬರೂ ಇರಲಿ.

ವಾರ್ಡನ್ ಕಟಗೇರಿ ಮೇಡಂ ಮೊದಲು ದನಿ ಇಳಿಸಿದರು,
"ಹೊರಗ ಸುದ್ದಿಯಾದ್ರ ನಮ್ಮ ವಿಶ್ವವಿದ್ಯಾಲಯದ ಹೆಸರು..."
ಮಾತು ಅಲ್ಲಿಗೇ ಬಿಟ್ಟು ಪೆನ್ನು ಹುಡುಕಿದರು.
ಮರುದಿನ ಸೈಬರ್ ಠಾಣೆಯ ಬಾಕಿನ ಮೇಲೆ
ಮೂರು ತಾಸು ನನ್ನ ಪಕ್ಕ ಅವರೇ ಕೂತರು,
ಉತ್ತರ ಪತ್ರಿಕೆ ತಿದ್ದುತ್ತ, ನಡುನಡುವೆ ಬೈಯುತ್ತ,
ನನಗೋ ಪತ್ರಿಕೆಗೋ ತಿಳಿಯಲಿಲ್ಲ.

ಹನ್ನೊಂದು ಸಾವಿರ ದಾರಿಯಲ್ಲೇ ಸಿಕ್ಕಿಬಿದ್ದಿದೆ,
ಯಾವುದೋ ಊರಿನ ಯಾರದೋ ಖಾತೆಯಲ್ಲಿ; ಬರುತ್ತದೆ ಅನ್ನುತ್ತಾರೆ.
ಉಳಿದ ಏಳು ಸಾವಿರದ ನಾಲ್ಕುನೂರು
ನಾನು ಮೆಟ್ಟಿಲ ಮೇಲೆ ಕೂತಿದ್ದಕ್ಕೆ ಹೋಯಿತೆಂದು
ಯಾರೂ ಅಂದಿಲ್ಲ. ಲೆಕ್ಕ ನನಗೆ ಬರುತ್ತದೆ.

ಟೇಪು ಮತ್ತೆ ಅಂಟಿಸಿದೆ. ಕೆಳಗೆ ನೀಲಿ ಪೆನ್ನಿನಲ್ಲಿ ಸೇರಿಸಿದೆ:
ಇದನ್ನು ಬರೆದವಳೂ ಹೇಳಿಬಿಟ್ಟಿದ್ದಾಳೆ.
ಮಹಾನಂದಾ, ಕೋಣೆ ನಲವತ್ತೊಂದು. ರಾತ್ರಿಯಾದರೂ ಬಾಗಿಲು ಬಡಿಯಿರಿ.

ಎರಡು ದಿನ ಯಾರೂ ಬರಲಿಲ್ಲ, ನಕ್ಕವರು ಇದ್ದರು.
ಮೂರನೆಯ ರಾತ್ರಿ, ಕರೆಂಟು ಹೋದಾಗ,
ಸಿಂದಗಿ ಕಡೆಯ ಮೊದಲ ವರ್ಷದ ಹುಡುಗಿ.
ಫೋನನ್ನು ಬೋರಲು ಮಾಡಿ ಎದೆಗೆ ಒತ್ತಿಕೊಂಡಿದ್ದಳು.
"ಇದು ರೊಕ್ಕದ್ದಲ್ಲ ಅಕ್ಕಾ" ಅಂದಳು. "ಫೋಟೋ."

ಯಾಕೆ ಎಂಬುದು ನನ್ನ ನಾಲಿಗೆಯ ತುದಿಗೇ ಬಂದಿತ್ತು.
ಮಂಚದ ಮೇಲಿನ ಪುಸ್ತಕ ಸರಿಸಿದೆ.
"ಕುಂಡ್ರು" ಅಂದೆ. "ಎಷ್ಟೊತ್ತಾತು?"